ಕೊಡೆ ಬಿಚ್ಚಿದಲ್ಲೇ ಮಳೆ: ಅಪರಾಧವನ್ನು ಮೊದಲೇ ಊಹಿಸುವ ಪೊಲೀಸ್ ಲೆಕ್ಕ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪ್ಲೇನ್‌ಫೀಲ್ಡ್ ಎಂಬ ಊರಿನ ಪೊಲೀಸರು ಒಂದು ಸಾಫ್ಟ್‌ವೇರ್ ಕೊಂಡಿದ್ದರು. ಇಂಥ ದಿನ, ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ ಇಂಥ ಅಪರಾಧ ನಡೆಯಬಹುದು ಎಂದು ಅದು ಮೊದಲೇ ಹೇಳಬೇಕಿತ್ತು. 2018ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಅದು ಕೊಟ್ಟ ಊಹೆಗಳು 23,631. ದಿ ಮಾರ್ಕಪ್ ಎಂಬ ಸುದ್ದಿಸಂಸ್ಥೆ 2023ರಲ್ಲಿ ಇವನ್ನೆಲ್ಲ ಆ ಊರಿನಲ್ಲಿ ನಿಜವಾಗಿ ದಾಖಲಾದ ಅಪರಾಧಗಳ ಪಕ್ಕ ಇಟ್ಟು ನೋಡಿತು. ತಾಳೆಯಾದವು ನೂರಕ್ಕಿಂತ ಕಡಿಮೆ. ಇನ್ನೂರು ಸಲ ಕಣಿ ಹೇಳಿದರೆ ಸರಾಸರಿ ಒಂದು ಸಲವೂ ನಿಜವಾಗಲಿಲ್ಲ.

ನಗು ಬರುತ್ತದೆ, ಅಲ್ವಾ? ಆದರೆ ಯಂತ್ರ ದಡ್ಡ ಅಂತ ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ದಡ್ಡ ಯಂತ್ರವನ್ನು ಮೂಲೆಗೆ ಸರಿಸಬಹುದು. ದುಡ್ಡು ಹೋಯಿತು ಅಂದುಕೊಂಡು ಸುಮ್ಮನಾಗಬಹುದು. ನಿಜವಾದ ತೊಡಕು ಶುರುವಾಗುವುದು ಅದರ ಊಹೆ ಸರಿಯಾದಂತೆ ಕಂಡಾಗ. ಆಗ ಕೇಳಬೇಕಾದದ್ದು ಒಂದೇ: ಅದು ಊಹಿಸಿದ್ದು ಏನನ್ನು? ಅಪರಾಧವನ್ನೋ, ಪೊಲೀಸರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೋ?

ಈ ಯೋಚನೆ ಬುಡದಿಂದಲೇ ಪೊಳ್ಳು ಅನ್ನುವಂತಿಲ್ಲ. ಒಂದು ಮನೆಗೆ ಕಳ್ಳ ನುಗ್ಗಿದರೆ, ಮುಂದಿನ ಕೆಲವು ದಿನಗಳಲ್ಲಿ ಅದೇ ಮನೆಗೋ ಅಕ್ಕಪಕ್ಕದ ಮನೆಗೋ ಮತ್ತೆ ನುಗ್ಗುವ ಸಾಧ್ಯತೆ ಜಾಸ್ತಿ. ಯಾವ ಕಿಟಕಿ ಸಡಿಲ, ಯಾರು ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಹಿಂದಿನ ಗೋಡೆ ಎಷ್ಟು ಎತ್ತರ, ಎಲ್ಲ ಕಳ್ಳನಿಗೆ ಗೊತ್ತಾಗಿರುತ್ತದೆ. ಪಕ್ಕದ ಮನೆಯನ್ನೂ ಬಹುಶಃ ಹಾಗೇ ಕಟ್ಟಿರುತ್ತಾರೆ. ಹಲವು ದೇಶಗಳ ಸಂಶೋಧಕರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ.

ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞ ಜೆಫ್ ಬ್ರಾಂಟಿಂಗ್‌ಹ್ಯಾಮ್, ಗಣಿತಜ್ಞ ಜಾರ್ಜ್ ಮೊಹ್ಲರ್ ಮತ್ತು ಜೊತೆಗಾರರು ಇದಕ್ಕೆ ಭೂಕಂಪದ ಗಣಿತವನ್ನು ತಂದರು. ದೊಡ್ಡ ಕಂಪನ ಆದ ಮೇಲೆ ಸುತ್ತಮುತ್ತ ಸಣ್ಣ ಸಣ್ಣ ಕಂಪನಗಳು ಆಗುತ್ತವಲ್ಲ, ಕಳ್ಳತನವೂ ಹಾಗೇ ಹರಡುತ್ತದೆ ಎಂದರು. ಅದರಿಂದ ಹುಟ್ಟಿದ ಕಂಪನಿ ಪ್ರೆಡ್‌ಪೋಲ್. ಪ್ಲೇನ್‌ಫೀಲ್ಡ್ ಪೊಲೀಸರು ಕೊಂಡದ್ದೂ ಇದರ ಸಾಫ್ಟ್‌ವೇರನ್ನೇ. ಅದು ಊರಿನ ನಕ್ಷೆಯನ್ನು 500 ಅಡಿ ಉದ್ದ, 500 ಅಡಿ ಅಗಲದ ಚೌಕಗಳಾಗಿ ಕತ್ತರಿಸುತ್ತಿತ್ತು. ಈ ಪಾಳಿಯಲ್ಲಿ ಈ ಚೌಕಗಳ ಕಡೆ ಗಸ್ತು ತಿರುಗಿ ಎಂದು ಗುರುತು ಹಾಕಿ ಕೊಡುತ್ತಿತ್ತು. ಅದಕ್ಕೆ ಬೇಕಿದ್ದದ್ದು ಮೂರೇ ಮಾಹಿತಿ: ಯಾವ ಬಗೆಯ ಅಪರಾಧ, ಎಲ್ಲಿ, ಯಾವಾಗ. ಯಾರ ಹೆಸರೂ ಇಲ್ಲ, ಮೈಬಣ್ಣ ಇಲ್ಲ. ಪಕ್ಷಪಾತಕ್ಕೆ ಇಲ್ಲಿ ಜಾಗವೇ ಇಲ್ಲ ಎಂಬ ವಾದ ಹುಟ್ಟಿದ್ದು ಇದರಿಂದ. ಲಾಸ್ ಏಂಜಲೀಸ್ ಪೊಲೀಸರು 2011ರಿಂದಲೇ ಇದನ್ನು ಪ್ರಯೋಗಿಸಿದರು. ನೆದರ್‌ಲ್ಯಾಂಡ್ಸ್ ತನ್ನದೇ ವ್ಯವಸ್ಥೆ ಕಟ್ಟಿಕೊಂಡು 2017ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಅಲ್ಲಿನ ಚೌಕ 125 ಮೀಟರಿನದು.

ಕೇಳಲು ಚೆನ್ನಾಗಿದೆ. ಹವಾಮಾನ ವರದಿಯ ಹಾಗೆ. ಆದರೆ ಈ ಹೋಲಿಕೆಯೇ ದಾರಿ ತಪ್ಪಿಸುವುದು.

ನಾಳೆ ಮಳೆ ಅಂದರೆ ನಾವು ಕೊಡೆ ಹಿಡಿದು ಹೊರಡುತ್ತೇವೆ. ನಾವು ಕೊಡೆ ಬಿಚ್ಚಿದ್ದಕ್ಕೆ ಮಳೆ ಬರುವುದಿಲ್ಲ. ಮೋಡಕ್ಕೆ ನಮ್ಮ ಕೊಡೆಯ ಗೊಡವೆಯೇ ಇಲ್ಲ. ಹಾಗಾಗಿ ಊಹೆ ಸರಿಯಾಯಿತೋ ಇಲ್ಲವೋ ಎಂದು ಮರುದಿನ ನೋಡಿ ಹೇಳಬಹುದು. ಅಪರಾಧದ ಊಹೆ ಹಾಗಲ್ಲ. ಯಂತ್ರ ಒಂದು ಚೌಕ ತೋರಿಸುತ್ತದೆ. ಪೊಲೀಸರು ಅಲ್ಲಿಗೆ ಹೋಗುತ್ತಾರೆ. ಹೋದ ಮೇಲೆ ಏನಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಯಾರದೋ ಜೇಬಿನಲ್ಲಿ ಗಾಂಜಾ, ಯಾರದೋ ಗಲಾಟೆ, ಬೀದಿಯಲ್ಲಿ ಕುಡಿಯುತ್ತಾ ನಿಂತ ಇಬ್ಬರು. ಬರೆದುಕೊಳ್ಳುತ್ತಾರೆ. ಬರೆದದ್ದು ದಾಖಲೆಯಾಗುತ್ತದೆ, ದಾಖಲೆ ಮತ್ತೆ ಯಂತ್ರದ ಹೊಟ್ಟೆಗೆ ಹೋಗುತ್ತದೆ. ನೋಡಿ, ನಾನು ಹೇಳಿರಲಿಲ್ವಾ ಎನ್ನುತ್ತದೆ ಯಂತ್ರ. ಇದೇ ಗಾಂಜಾ, ಇದೇ ಕುಡಿತ ಬೇರೆ ಬೀದಿಯಲ್ಲೂ ಇತ್ತು. ಅಲ್ಲಿ ನೋಡುವವರು ಇರಲಿಲ್ಲ, ಅಷ್ಟೇ.

ಇನ್ನೂ ಒಂದು ತಮಾಷೆ ಇದೆ. ಪೊಲೀಸರು ಹೋದರು, ಏನೂ ನಡೆಯಲಿಲ್ಲ ಅನ್ನಿ. ಆಗ ಮಾರಾಟಗಾರ ಏನು ಹೇಳಬಹುದು? ಪೊಲೀಸರನ್ನು ನೋಡಿ ಕಳ್ಳ ಹೆದರಿ ಓಡಿದ, ನಮ್ಮ ಊಹೆ ಕೆಲಸ ಮಾಡಿತು. ಏನಾದರೂ ನಡೆದರೆ? ಆಗಲೂ ಊಹೆ ಸರಿ. ಹೇಗೆ ಬಿದ್ದರೂ ಅವರದೇ ಗೆಲುವು. ಪ್ಲೇನ್‌ಫೀಲ್ಡ್‌ನಲ್ಲಿ ಅಷ್ಟು ನಿಚ್ಚಳವಾಗಿ ಪರೀಕ್ಷೆ ಮಾಡಲು ಆಗಿದ್ದಕ್ಕೆ ಒಂದು ಕಾರಣವಿದೆ. ಅಲ್ಲಿನ ಪೊಲೀಸರೇ ಹೇಳಿದ ಹಾಗೆ, ಅವರು ಆ ಸಾಫ್ಟ್‌ವೇರನ್ನು ಹೆಚ್ಚುಕಡಿಮೆ ಬಳಸಿಯೇ ಇರಲಿಲ್ಲ. ಯಾರೂ ಕೊಡೆ ಬಿಚ್ಚದ ಊರಿನಲ್ಲಿ ಮಳೆ ಎಷ್ಟು ಬಂತು ಎಂದು ಅಳೆಯಲು ಸಾಧ್ಯವಾಯಿತು.

ಈ ಸುತ್ತು ಬರಿಯ ತರ್ಕವಲ್ಲ. ಲೆಕ್ಕ ಹಾಕಿ ತೋರಿಸಿದವರಿದ್ದಾರೆ. ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ 2016ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರನ್ನು ತೆಗೆದುಕೊಂಡರು. ಮೊದಲು ಆ ಊರಿನಲ್ಲಿ ಮಾದಕವಸ್ತು ಬಳಸುವವರು ಎಲ್ಲೆಲ್ಲಿ ಇರಬಹುದು ಎಂದು ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಆಧಾರದಲ್ಲಿ ಅಂದಾಜು ಮಾಡಿದರು. ಬಳಕೆ ಊರಿನ ತುಂಬ ಹರಡಿತ್ತು. ಆಮೇಲೆ ಪೊಲೀಸ್ ದಾಖಲೆ ನೋಡಿದರು. ಅದರಲ್ಲಿ ಪಶ್ಚಿಮ ಓಕ್‌ಲ್ಯಾಂಡ್ ಮತ್ತು ಇಂಟರ್‌ನ್ಯಾಷನಲ್ ಬುಲೆವಾರ್ಡ್ ರಸ್ತೆಯ ಸುತ್ತಮುತ್ತ ಮಾತ್ರ ಕೆಂಪೋ ಕೆಂಪು. ಎರಡೂ ಬಡವರ, ಬಿಳಿಯರಲ್ಲದವರ ಬಡಾವಣೆಗಳು. ಈ ದಾಖಲೆಯನ್ನು ಪ್ರೆಡ್‌ಪೋಲ್‌ನವರೇ ಪ್ರಕಟಿಸಿದ್ದ ಗಣಿತ ಸೂತ್ರಕ್ಕೆ ತಿನ್ನಿಸಿದಾಗ ಅದು ತೋರಿಸಿದ್ದು ಮತ್ತೆ ಅದೇ ಬಡಾವಣೆಗಳನ್ನು. ಎರಡು ಸಮುದಾಯಗಳಲ್ಲಿ ಬಳಕೆ ಹೆಚ್ಚುಕಡಿಮೆ ಸಮನಾಗಿದ್ದರೂ ಕಪ್ಪು ಜನರ ಮೇಲೆ ಬಿಳಿಯರ ಸುಮಾರು ಎರಡು ಪಟ್ಟು ನಿಗಾ ಬೀಳುತ್ತಿತ್ತು. ಪೊಲೀಸರು ಹೋದಲ್ಲಿ ಪತ್ತೆ ಸ್ವಲ್ಪ ಜಾಸ್ತಿಯಾಗುತ್ತದೆ ಎಂದು ಲೆಕ್ಕಕ್ಕೆ ಸೇರಿಸಿದಾಗ ಯಂತ್ರದ ಆತ್ಮವಿಶ್ವಾಸ ದಿನೇದಿನೇ ಏರಿತು.

ಎರಡು ವರ್ಷದ ನಂತರ ಬೇರೆ ಕೆಲವು ಸಂಶೋಧಕರು ಇದನ್ನೇ ಶುದ್ಧ ಗಣಿತದಲ್ಲಿ ಹಿಡಿದರು. ಒಂದು ಮಡಕೆಯಲ್ಲಿ ಕೆಂಪು ಮತ್ತು ಕಪ್ಪು ಗೋಲಿಗಳಿವೆ ಅಂದುಕೊಳ್ಳಿ. ಕಣ್ಣು ಮುಚ್ಚಿ ಒಂದನ್ನು ತೆಗೆಯಿರಿ. ಕೆಂಪು ಬಂದರೆ ಪೊಲೀಸರು ಕೆಂಪು ಬಡಾವಣೆಗೆ. ಅಲ್ಲಿ ಏನಾದರೂ ಸಿಕ್ಕಿದರೆ ಮಡಕೆಗೆ ಇನ್ನೊಂದು ಕೆಂಪು ಗೋಲಿ. ಹೀಗೇ ಆಡುತ್ತಾ ಹೋದರೆ, ಎರಡು ಬಡಾವಣೆಗಳ ನಡುವೆ ಅಪರಾಧದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಕೊನೆಗೆ ಮಡಕೆಯ ತುಂಬ ಒಂದೇ ಬಣ್ಣ. ಪೊಲೀಸರೆಲ್ಲ ಒಂದೇ ಕಡೆ. ಇಲ್ಲಿ ಯಾವ ಅಧಿಕಾರಿಯೂ ಕೆಟ್ಟವನಾಗಿರಬೇಕಿಲ್ಲ, ಯಾರೂ ಯಾರನ್ನೂ ದ್ವೇಷಿಸಬೇಕಿಲ್ಲ. ಆಟದ ನಿಯಮವೇ ಸಾಕು.

ಇನ್ನೊಂದು ಕಡೆಯವರ ಮಾತೂ ಕೇಳಬೇಕು. ಲಾಸ್ ಏಂಜಲೀಸ್‌ನ ಪ್ರಯೋಗದ ಬಗ್ಗೆ ಮೊಹ್ಲರ್ ಮತ್ತು ಬ್ರಾಂಟಿಂಗ್‌ಹ್ಯಾಮ್ ತಂಡ 2015ರಲ್ಲಿ ಬರೆದ ಪ್ರಬಂಧದ ಪ್ರಕಾರ, ಯಂತ್ರದ ಮಾತು ಕೇಳಿ ಗಸ್ತು ತಿರುಗಿದಾಗ ಅಪರಾಧ ಸರಾಸರಿ 7.4 ಶೇಕಡಾ ಇಳಿಯಿತು. 2018ರಲ್ಲಿ ಅವರು ಇನ್ನೊಂದು ಲೆಕ್ಕ ಕೊಟ್ಟರು. ಯಂತ್ರ ತೋರಿಸಿದ ಜಾಗದಲ್ಲೂ ಮನುಷ್ಯರು ಆರಿಸಿದ ಜಾಗದಲ್ಲೂ ಬಂಧಿತರಲ್ಲಿ ಬೇರೆ ಬೇರೆ ಸಮುದಾಯದವರ ಪ್ರಮಾಣ ಒಂದೇ ರೀತಿ ಇತ್ತು ಎಂದರು. ಇದರಿಂದ ಅವರಿಗೆ ಸಮಾಧಾನ. ನನಗೆ ಅಷ್ಟು ಸಮಾಧಾನ ಇಲ್ಲ. ಮನುಷ್ಯರು ಮೊದಲಿನಿಂದ ಎಷ್ಟು ವಾಲಿದ್ದರೋ ಯಂತ್ರವೂ ಅಷ್ಟೇ ವಾಲಿದೆ ಎಂಬುದನ್ನು ಪ್ರಮಾಣಪತ್ರ ಅಂತ ಹೇಗೆ ಓದುವುದು? ಅಂದಹಾಗೆ, ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಬೇರೊಂದು ಊಹೆಯ ಪದ್ಧತಿಯನ್ನು ಪರೀಕ್ಷಿಸಿ 2014ರಲ್ಲಿ ವರದಿ ಕೊಟ್ಟಿತು. ಆಸ್ತಿ ಅಪರಾಧಗಳು ಕಡಿಮೆಯಾದವು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ.

ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ: ಪೊಲೀಸರೇ ಹುಡುಕಿ ಹಿಡಿಯುವ ಅಪರಾಧಗಳನ್ನು ಬಿಡಿ, ಜನ ಬಂದು ದೂರು ಕೊಟ್ಟದ್ದನ್ನು ಮಾತ್ರ ಬಳಸೋಣ. ಇದು ಸ್ವಲ್ಪ ವಾಸಿ. ಕಾರು ಕಳೆದವನು ವಿಮೆಗಾಗಿಯಾದರೂ ಠಾಣೆಗೆ ಬರುತ್ತಾನೆ. ಕೊಲೆಯನ್ನು ಮುಚ್ಚಿಡುವುದು ಕಷ್ಟ. ಆದರೆ ಮನೆಯೊಳಗಿನ ಹೊಡೆತ? ಅತ್ಯಾಚಾರ? ಕೂಲಿ ಕೊಡದೆ ಮೋಸ ಮಾಡಿದ್ದು? ಪೊಲೀಸರೆಂದರೆ ಭಯ ಇರುವಲ್ಲಿ ದೂರು ಕಡಿಮೆ. ಪೊಲೀಸರು ತಮ್ಮವರು ಅನ್ನಿಸುವಲ್ಲಿ, ಗೇಟಿನ ಮುಂದೆ ಗುರುತಿಲ್ಲದವನೊಬ್ಬ ನಿಂತರೂ ಫೋನು. ದೆಹಲಿ ಪೊಲೀಸರು ಇಸ್ರೋ ನೆರವಿನಿಂದ ಕಟ್ಟಿದ ಸಿಮ್ಯಾಪ್ಸ್ ಎಂಬ ಅಪರಾಧ ನಕ್ಷೆಯ ವ್ಯವಸ್ಥೆಗೆ ಜನರ ತುರ್ತು ಕರೆಗಳೇ ದೊಡ್ಡ ಮೂಲ. ಅದನ್ನು ಒಳಗಿನಿಂದ ನೋಡಿ 2020ರಲ್ಲಿ ಪ್ರಬಂಧ ಬರೆದ ವಿದುಷಿ ಮಾರ್ದಾ ಮತ್ತು ಶಿವಾಂಗಿ ನಾರಾಯಣ್ ಎತ್ತಿದ ಪ್ರಶ್ನೆಯೂ ಇದೇ ಧಾಟಿಯದು: ಯಾರು ಕರೆ ಮಾಡುತ್ತಾರೆ, ಯಾರು ಮಾಡುವುದಿಲ್ಲ, ಬಂದ ಕರೆಯನ್ನು ಯಾರು ಹೇಗೆ ಬರೆದುಕೊಳ್ಳುತ್ತಾರೆ?

ಇನ್ನು ದೂರೇ ಬರದ ಅಪರಾಧಗಳಿವೆ. 2017ರಲ್ಲಿ ದಿ ನ್ಯೂ ಇನ್‌ಕ್ವೈರಿ ಪತ್ರಿಕೆಯವರು ಕುಚೋದ್ಯಕ್ಕೆ ಒಂದು ನಕ್ಷೆ ಮಾಡಿದರು. ಅದೇ ತಂತ್ರ, ಅದೇ ಚೌಕ. ಅಪರಾಧ ಮಾತ್ರ ಬೇರೆ: ಹಣಕಾಸು ವಂಚನೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಕೆಂಪಾಯಿತು. ಸೂಟು ತೊಟ್ಟವರು ಮಧ್ಯಾಹ್ನ ಊಟಕ್ಕೆ ಇಳಿದು ಬರುವ ಹೊತ್ತಿಗೆ ಆ ಚೌಕದಲ್ಲಿ ಗಸ್ತು ವಾಹನ ನಿಲ್ಲಿಸಿ, ಪ್ರತಿಯೊಬ್ಬರ ಚೀಲ ತಪಾಸಣೆ ಮಾಡಿದರೆ ಹೇಗಿರುತ್ತದೆ? ಅಸಂಬದ್ಧ ಅನ್ನಿಸುತ್ತದೆ. ಆ ಅಸಂಬದ್ಧತೆ ಬಡವರ ಬೀದಿಯಲ್ಲಿ ಯಾಕೆ ಮಾಮೂಲಿ ಅನ್ನಿಸುತ್ತದೆ ಎಂಬುದೇ ಆ ನಕ್ಷೆಯ ಚುಚ್ಚು.

ಜಾಗದ ಊಹೆಯದು ಇಷ್ಟು. ಮನುಷ್ಯರ ಊಹೆ ಇದಕ್ಕಿಂತ ಎಷ್ಟೋ ಪಾಲು ಕೆಟ್ಟದು.

ಶಿಕಾಗೊ ಪೊಲೀಸರ ಒಂದು ಪಟ್ಟಿ ಇತ್ತು. ಅಧಿಕೃತ ಹೆಸರು ಏನೋ ಗಂಭೀರವಾದದ್ದು. ಜನ ಕರೆದದ್ದು ಹೀಟ್ ಲಿಸ್ಟ್ ಅಂತ. ಗುಂಡಿನ ಹಿಂಸೆ ಸಾಂಕ್ರಾಮಿಕ ರೋಗದ ಹಾಗೆ ಪರಿಚಯಸ್ಥರ ನಡುವೆ ಹರಡುತ್ತದೆ ಎಂಬ ಸಮಾಜಶಾಸ್ತ್ರಜ್ಞ ಆಂಡ್ರ್ಯೂ ಪಾಪಕ್ರಿಸ್ಟೋಸ್ ಅವರ ಸಂಶೋಧನೆ ಇದಕ್ಕೆ ಪ್ರೇರಣೆ. ಸ್ನೇಹಿತ ಗುಂಡಿಗೆ ಬಲಿಯಾದರೆ ನಿಮಗೂ ಅಪಾಯ ಜಾಸ್ತಿ. ರೋಗ ಅಂದ ಮೇಲೆ ಔಷಧ ಕೊಡಬೇಕಲ್ಲ? ಪಟ್ಟಿ ಹೋದದ್ದು ಆಸ್ಪತ್ರೆಗಲ್ಲ, ಪೊಲೀಸರ ಕೈಗೆ. 2013ರ ಆವೃತ್ತಿಯಲ್ಲಿ 426 ಜನರಿದ್ದರು. ರ್‍ಯಾಂಡ್ ಸಂಸ್ಥೆ ಅದನ್ನು ಪರೀಕ್ಷಿಸಿ 2016ರಲ್ಲಿ ಹೇಳಿದ್ದು: ಪಟ್ಟಿಯಲ್ಲಿದ್ದವರು ಗುಂಡಿಗೆ ಬಲಿಯಾಗುವುದು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಗುಂಡಿನ ಪ್ರಕರಣಗಳಲ್ಲಿ ಅವರನ್ನು ಬಂಧಿಸುವುದು ಮಾತ್ರ ಜಾಸ್ತಿಯಾಯಿತು. ಎಲ್ಲೋ ಗುಂಡು ಹಾರಿದರೆ ಮೊದಲು ಪಟ್ಟಿ ತೆಗೆದು ನೋಡುವ ಅಭ್ಯಾಸ ಬೆಳೆದಿರಬೇಕು. ಮುಂದೆ ಇದು ಊದಿಕೊಂಡು ಸುಮಾರು 4 ಲಕ್ಷ ಜನರಿಗೆ 0ಯಿಂದ 500ರವರೆಗೆ ಅಂಕ ಕೊಡುವ ಯಂತ್ರವಾಯಿತು. 2019ರ ನವೆಂಬರ್‌ನಲ್ಲಿ ಅದನ್ನು ನಿಲ್ಲಿಸಿದರು.

ಪಟ್ಟಿಯಲ್ಲಿದ್ದ ಒಬ್ಬ ಯುವಕನ ಮನೆಗೆ ಪೊಲೀಸರು ಹೋಗಿ, ನೀನು ಒಂದೋ ಗುಂಡು ಹಾರಿಸುತ್ತೀಯ ಇಲ್ಲ ಗುಂಡೇಟು ತಿನ್ನುತ್ತೀಯ ಎಂದು ಎಚ್ಚರಿಸಿ ಬಂದರು. ಹಿಂಸೆಯ ಹಿನ್ನೆಲೆ ಇಲ್ಲದವನು. ಪೊಲೀಸರು ಪದೇ ಪದೇ ಬಂದು ಹೋಗುವುದನ್ನು ನೋಡಿ ಸುತ್ತಲಿನವರಿಗೆ ಅನುಮಾನ ಬಂತು. ಇವನು ಪೊಲೀಸರಿಗೆ ಸುಳಿವು ಕೊಡುತ್ತಿರಬೇಕು ಅಂದುಕೊಂಡರು. ಕೊನೆಗೆ ಆತ ಗುಂಡೇಟು ತಿಂದ, ಒಂದಲ್ಲ ಎರಡು ಸಲ. ಲೆಕ್ಕದ ಪುಸ್ತಕದಲ್ಲಿ ಇದನ್ನು ಎಲ್ಲಿ ಬರೆಯಬೇಕು? ಊಹೆ ನಿಜವಾಯಿತು ಎಂಬ ಅಂಕಣದಲ್ಲೇ?

ಲಾಸ್ ಏಂಜಲೀಸ್‌ನ ಲೇಸರ್ ಕಾರ್ಯಕ್ರಮದ್ದು ಇನ್ನೊಂದು ಬಗೆ. ಗೆಡ್ಡೆಯನ್ನು ಲೇಸರ್‌ನಿಂದ ತೆಗೆಯುವ ವೈದ್ಯರ ಹಾಗೆ ಅಪರಾಧಿಗಳನ್ನು ಬಡಾವಣೆಯಿಂದ ತೆಗೆಯುವುದು ಎಂಬ ಹೋಲಿಕೆ ಅದರ ಹೆಸರಿನಲ್ಲೇ ಇತ್ತು. (ಮನುಷ್ಯರನ್ನು ಗೆಡ್ಡೆ ಎಂದು ಕರೆದ ಮೇಲೆ ಉಳಿದದ್ದು ಊಹಿಸುವುದಕ್ಕೆ ಯಂತ್ರ ಬೇಕಿಲ್ಲ.) ಅಲ್ಲಿ ಅಂಕ ಹೀಗೆ: ಗ್ಯಾಂಗಿನ ಸದಸ್ಯನಾದರೆ 5, ಪೆರೋಲ್ ಮೇಲಿದ್ದರೆ 5, ಬಂದೂಕಿನ ಜೊತೆ ಸಿಕ್ಕಿಬಿದ್ದಿದ್ದರೆ 5. ಇದೆಲ್ಲ ಸರಿ ಅನ್ನಿ. ಇದರ ಜೊತೆಗೆ, ಪೊಲೀಸರು ನಿಮ್ಮನ್ನು ತಡೆದು ಮಾತಾಡಿಸಿದ ಒಂದೊಂದು ಸಲಕ್ಕೂ 1 ಅಂಕ. ಅಂಕ ಜಾಸ್ತಿ ಇರುವವರನ್ನು ಪೊಲೀಸರು ಹುಡುಕಿ ಮಾತಾಡಿಸುತ್ತಾರೆ. ಮಾತಾಡಿಸಿದ್ದಕ್ಕೆ ಅಂಕ ಏರುತ್ತದೆ. ಅಂಕ ಏರಿದ್ದಕ್ಕೆ ಮತ್ತೆ ಮಾತಾಡಿಸುತ್ತಾರೆ. ಮಡಕೆಯ ಗೋಲಿಯಾಟವೇ, ಈ ಸಲ ಒಬ್ಬನೇ ಮನುಷ್ಯನ ಸುತ್ತ. ಅಲ್ಲಿನ ಪೊಲೀಸ್ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2019ರಲ್ಲಿ ಲೆಕ್ಕಪರಿಶೋಧನೆ ಮಾಡಿದಾಗ, ಕಾಯಂ ಅಪರಾಧಿಗಳು ಎಂದು ಗುರುತಿಸಿದವರಲ್ಲಿ 44 ಶೇಕಡಾ ಮಂದಿ ಹಿಂಸೆಯ ಅಪರಾಧಕ್ಕೆ ಒಂದೇ ಸಲ ಬಂಧನವಾದವರು, ಇಲ್ಲವೇ ಒಂದು ಸಲವೂ ಆಗದವರು ಎಂದು ಗೊತ್ತಾಯಿತು. ಆ ವರ್ಷವೇ ಕಾರ್ಯಕ್ರಮ ನಿಂತಿತು.

ಇಂಥ ಪಟ್ಟಿಗಳು ಯಾಕೆ ಇಷ್ಟು ತಪ್ಪುತ್ತವೆ? ಇದಕ್ಕೆ ದುರುದ್ದೇಶ ಬೇಡ, ಸಾದಾ ಗುಣಾಕಾರ ಸಾಕು. 10 ಲಕ್ಷ ಜನರ ಒಂದು ನಗರ ಅಂದುಕೊಳ್ಳಿ. ಮುಂದಿನ ವರ್ಷ ಅವರಲ್ಲಿ 1,000 ಜನ ಗಂಭೀರ ಹಿಂಸೆಗೆ ಇಳಿಯುತ್ತಾರೆ ಎಂದುಕೊಳ್ಳಿ. ನಿಮ್ಮ ಯಂತ್ರ ಅಸಾಧ್ಯ ಜಾಣ: ನೂರಕ್ಕೆ ತೊಂಬತ್ತು ಸಲ ಸರಿ. ಅದು ಆ 1,000 ಜನರಲ್ಲಿ 900 ಮಂದಿಯನ್ನು ಹಿಡಿಯುತ್ತದೆ. ಭೇಷ್. ಆದರೆ ಉಳಿದ 9,99,000 ಜನರಲ್ಲಿ ನೂರಕ್ಕೆ ಹತ್ತು ಮಂದಿಯ ಬಗ್ಗೆ ತಪ್ಪುತ್ತದೆ. ಅಂದರೆ 99,900 ನಿರಪರಾಧಿಗಳು ಪಟ್ಟಿಗೆ ಸೇರಿದರು. ಪಟ್ಟಿಯಲ್ಲಿರುವ ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿ ಏನೂ ಮಾಡದವರು. ನಿಜವಾದ ಯಾವ ಯಂತ್ರವೂ ಇಷ್ಟು ಜಾಣ ಅಲ್ಲ. ಅಪರೂಪದ ಸಂಗತಿಯನ್ನು ಮೊದಲೇ ಹಿಡಿಯಲು ಹೊರಟ ಎಲ್ಲರಿಗೂ ಈ ಲೆಕ್ಕ ಎದುರಾಗುತ್ತದೆ. ವೈದ್ಯರಿಗೂ ಎದುರಾಗುತ್ತದೆ. ವೈದ್ಯರು ಎರಡನೇ ಪರೀಕ್ಷೆ ಮಾಡಿ, ನಿಮಗೇನೂ ಇಲ್ಲ, ಮನೆಗೆ ಹೋಗಿ ಎನ್ನುತ್ತಾರೆ. ಪೊಲೀಸ್ ಪಟ್ಟಿಯಲ್ಲಿ ಆ ಎರಡನೇ ಪರೀಕ್ಷೆ ಯಾವುದು?

ಫ್ಲಾರಿಡಾದ ಪಾಸ್ಕೊ ಕೌಂಟಿಯಲ್ಲಿ ಎರಡನೇ ಪರೀಕ್ಷೆಯ ಜಾಗದಲ್ಲಿ ಇದ್ದದ್ದು ಬಾಗಿಲು ಬಡಿಯುವುದು. ಅಲ್ಲಿನ ಶೆರಿಫ್ ಕಚೇರಿ, ಅಂದರೆ ಕೌಂಟಿಯ ಪೊಲೀಸ್ ಕಚೇರಿ, ಮುಂದೆ ಅಪರಾಧ ಮಾಡಬಹುದಾದವರ ಪಟ್ಟಿ ಮಾಡಿ ಹೊತ್ತಲ್ಲದ ಹೊತ್ತಿನಲ್ಲಿ ಅವರ ಮನೆಗಳಿಗೆ ಹೋಗುತ್ತಿತ್ತು. ಅಪರಾಧ ಸಿಗದಿದ್ದರೆ ಬೇರೇನಾದರೂ ಸಿಗುತ್ತಿತ್ತು: ಅಂಗಳದ ಹುಲ್ಲು ಎತ್ತರ ಬೆಳೆದಿದೆ, ಬಾಗಿಲ ಮೇಲೆ ಮನೆ ನಂಬರ್ ಇಲ್ಲ. ದಂಡ ಹಾಕಿ ಹೋಗುತ್ತಿದ್ದರು. ಊರು ಬಿಡಬೇಕು ಇಲ್ಲ ಕೇಸು ಹಾಕಬೇಕು, ಅಲ್ಲಿಯವರೆಗೂ ಗೋಳು ಹೊಯ್ದುಕೊಳ್ಳುವುದೇ ಉದ್ದೇಶವಾಗಿತ್ತು ಎಂದು ಅಲ್ಲಿ ಕೆಲಸ ಮಾಡಿದ್ದ ಒಬ್ಬ ಅಧಿಕಾರಿಯೇ ಆಮೇಲೆ ಹೇಳಿದ. ಇದಕ್ಕಿಂತ ನನಗೆ ಮೈ ಜುಮ್ ಅನ್ನಿಸಿದ್ದು ಶಾಲೆಯ ವಿಷಯ. ಮಕ್ಕಳ ಹಾಜರಾತಿ, ಅಂಕಗಳು, ಮನೆಯಲ್ಲಿ ಹಿಂಸೆ ಅನುಭವಿಸಿದ್ದರ ದಾಖಲೆ ಇವನ್ನೆಲ್ಲ ಸೇರಿಸಿ, ಮುಂದೆ ಅಪರಾಧಿಗಳಾಗಬಹುದಾದ ಮಕ್ಕಳ ಪಟ್ಟಿಯೂ ಇತ್ತು. ಹೊಡೆತ ತಿಂದ ಮಗು ಸಹಾಯ ಬೇಕಾದ ಮಗು ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಅದು ನಾಳಿನ ಶಂಕಿತ. ಟ್ಯಾಂಪಾ ಬೇ ಟೈಮ್ಸ್ ಪತ್ರಿಕೆ 2020ರಲ್ಲಿ ಇದನ್ನು ಬಯಲು ಮಾಡಿತು, ಮರುವರ್ಷ ಪುಲಿಟ್ಜರ್ ಗೆದ್ದಿತು. ತೊಂದರೆಗೊಳಗಾದವರು ನ್ಯಾಯಾಲಯಕ್ಕೆ ಹೋದರು. 2024ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. ಸಂವಿಧಾನ ಕೊಟ್ಟ ಹಕ್ಕುಗಳನ್ನು ಮುರಿದೆವು ಎಂದು ಕಚೇರಿ ಒಪ್ಪಿಕೊಂಡು 1,05,000 ಡಾಲರ್ ಕೊಟ್ಟಿತು.

ಬಲಿಪಶುವನ್ನೂ ಅಪರಾಧಿಯನ್ನೂ ಒಂದೇ ಬುಟ್ಟಿಗೆ ಹಾಕುವುದು ಅಲ್ಲಿಗೇ ಮುಗಿದ ಕಥೆಯಲ್ಲ. 2011ರ ಗಲಭೆಗಳ ನಂತರ ಲಂಡನ್ ಪೊಲೀಸರು ಗ್ಯಾಂಗ್ಸ್ ಮ್ಯಾಟ್ರಿಕ್ಸ್ ಎಂಬ ಪಟ್ಟಿ ತಂದರು. ಅದರಲ್ಲಿ ಯಾರು ಹಲ್ಲೆ ಮಾಡಿದವರು, ಯಾರು ಹಲ್ಲೆಗೆ ಒಳಗಾದವರು ಎಂಬ ಸ್ಪಷ್ಟ ಭೇದವಿಲ್ಲ ಎಂದು ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2018ರಲ್ಲಿ ಹೇಳಿತು. ಅದೇ ವರ್ಷ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಲೆಕ್ಕ ಕೊಟ್ಟಿತು: ಪಟ್ಟಿಯಲ್ಲಿದ್ದವರಲ್ಲಿ 78 ಶೇಕಡಾ ಕಪ್ಪು ಜನ. ಪಟ್ಟಿ ಪೊಲೀಸರ ಕೈಯಿಂದ ಬೇರೆ ಇಲಾಖೆಗಳಿಗೂ ಹರಿಯುತ್ತಿತ್ತು. ಅದನ್ನು ಪೂರ್ತಿ ಕೈಬಿಟ್ಟದ್ದು 2024ರಲ್ಲಿ.

ಇದೆಲ್ಲ ಕಂಪ್ಯೂಟರ್ ತಂದ ಹೊಸ ಕಾಯಿಲೆ ಅಂದುಕೊಳ್ಳಬೇಡಿ. ಶಿಕಾಗೊದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ 1928ರಲ್ಲೇ 3,000 ಕೈದಿಗಳ ದಾಖಲೆ ನೋಡಿ, ಪೆರೋಲ್ ಮೇಲೆ ಬಿಟ್ಟರೆ ಯಾರು ಮತ್ತೆ ತಪ್ಪು ಮಾಡುತ್ತಾರೆ ಎಂದು ಹೇಳುವ 21 ಅಂಶಗಳ ಪಟ್ಟಿ ಮಾಡಿದ್ದರು. ಅದರಲ್ಲಿ ಅಲೆಮಾರಿ, ಕುಡುಕ, ಹಳ್ಳಿ ಹುಡುಗ ಎಂಬಂಥ ವರ್ಗಗಳೂ ಇದ್ದವು. ಅದಕ್ಕೂ ಹಿಂದೆ, 1871ರಲ್ಲಿ, ಬ್ರಿಟಿಷರು ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟರು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಊರು ದಾಟಲು ಅನುಮತಿ ಬೇಕು. ಮುಂದೆ ತಪ್ಪು ಮಾಡುತ್ತಾರೆ ಎಂಬ ಊಹೆಗೆ ಈಗಲೇ ಶಿಕ್ಷೆ. ಆ ಕಾಯ್ದೆ ಹೋದದ್ದು 1952ರಲ್ಲಿ. ಅಲ್ಲಿ ಕಾಗದ, ಇಲ್ಲಿ ಸಾಫ್ಟ್‌ವೇರ್. ಕಾಗದದ ವಿರುದ್ಧ ವಾದ ಮಾಡಬಹುದಿತ್ತು, ಅದರ ಮೇಲೆ ಸಹಿ ಹಾಕಿದವನು ಇರುತ್ತಿದ್ದ. ಯಂತ್ರದ ಅಂಕಕ್ಕೆ ಸಹಿ ಹಾಕುವವರು ಯಾರೂ ಇಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಪಾಲಂಟೀರ್ ಕಂಪನಿಯ ಊಹೆಯ ವ್ಯವಸ್ಥೆ 2012ರಿಂದ ಓಡುತ್ತಿತ್ತು. 2018ರಲ್ಲಿ ಪತ್ರಕರ್ತರು ಬರೆಯುವವರೆಗೆ ನಗರಸಭೆಯ ಸದಸ್ಯರಿಗೇ ಅದರ ಸುದ್ದಿ ಇರಲಿಲ್ಲ.

ಹಾಗಾದರೆ ಡೇಟಾವನ್ನು ನೋಡಲೇಬಾರದಾ? ಹಾಗೆ ಹೇಳುವವನು ನಾನಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ಕರ್ಕ್‌ಹೋಲ್ಟ್ ಎಂಬ ಬಡಾವಣೆ ಇದೆ. 1980ರ ದಶಕದ ನಡುವೆ ಅಲ್ಲಿ ಮನೆಗಳ್ಳತನ ವಿಪರೀತವಾಗಿತ್ತು. ಸಂಶೋಧಕರು ದಾಖಲೆ ನೋಡಿದಾಗ ಅದೇ ಹಳೆಯ ಸತ್ಯ ಕಂಡಿತು: ಒಮ್ಮೆ ಕಳ್ಳತನವಾದ ಮನೆಗೇ ಮತ್ತೆ ಕಳ್ಳ ಬರುತ್ತಾನೆ. ಪ್ರೆಡ್‌ಪೋಲ್ ಹಿಡಿದ ಎಳೆಯೇ ಇದು. ಆದರೆ ಅವರು ಅಲ್ಲಿಗೆ ಕಳುಹಿಸಿದ್ದು ಗಸ್ತು ವಾಹನವನ್ನಲ್ಲ, ಬೀಗ ಬಲಪಡಿಸುವವರನ್ನು. ಆ ಮನೆಗಳಲ್ಲಿ ನಾಣ್ಯ ಹಾಕಿ ಗ್ಯಾಸ್, ವಿದ್ಯುತ್ ಬಳಸುವ ಮೀಟರುಗಳಿದ್ದವು. ಮೀಟರಿನೊಳಗೆ ಯಾವಾಗಲೂ ಚಿಲ್ಲರೆ ದುಡ್ಡು. ಕಳ್ಳನಿಗೆ ಅದೇ ಹುಂಡಿ. ಮೀಟರು ತೆಗೆಸಿದರು. ಸುತ್ತಲಿನ ಐದಾರು ಮನೆಯವರು ಒಬ್ಬರ ಮನೆಯ ಮೇಲೆ ಒಬ್ಬರು ಕಣ್ಣಿಡುವಂತೆ ಮಾಡಿದರು. ಒಂದು ವರ್ಷದೊಳಗೆ ಬಡಾವಣೆಯ ಕಳ್ಳತನ ಅರ್ಧಕ್ಕಿಂತ ಕೆಳಗಿಳಿಯಿತು.

ಅಲ್ಲಿ ಊಹೆ ತಪ್ಪಿದರೆ ಏನಾಗುತ್ತಿತ್ತು? ಒಬ್ಬರ ಮನೆಗೆ ಸುಮ್ನೆ ಒಂದು ಗಟ್ಟಿ ಬೀಗ ಬೀಳುತ್ತಿತ್ತು. ಪಾಸ್ಕೊದಲ್ಲಿ ಊಹೆ ತಪ್ಪಿದಾಗ ಏನಾಯಿತು ಎಂಬುದನ್ನು ಮೇಲೆ ಓದಿದಿರಿ. ನನ್ನ ಮಟ್ಟಿಗೆ ಇಡೀ ಚರ್ಚೆಯ ಗಂಟು ಇಲ್ಲಿದೆ. ಯಂತ್ರ ಎಷ್ಟು ಸರಿ ಎಂಬುದಕ್ಕಿಂತ, ಅದು ತಪ್ಪಿದಾಗ ಬೆಲೆ ತೆರುವವರು ಯಾರು ಎಂದು ಮೊದಲು ಕೇಳಬೇಕು. ಬೀದಿದೀಪ ಹಾಕಿಸಲು, ಪಾಳು ಕಟ್ಟಡ ಮುಚ್ಚಿಸಲು, ಗುಂಡೇಟು ತಿಂದವನ ಸ್ನೇಹಿತನಿಗೆ ಕೆಲಸ ಕೊಡಿಸಲು ನಕ್ಷೆ ಬಳಸಿ. ತಪ್ಪಿದರೂ ಯಾರ ಕೈಗೂ ಕೋಳ ಬೀಳುವುದಿಲ್ಲ. ಹಾಗಿದ್ದೂ ಈ ಬಗೆಯ ಬಳಕೆಗೆ ಸಾಫ್ಟ್‌ವೇರ್ ಮಾರುವವರು ಕಡಿಮೆ. ಬೀಗದ ಖರ್ಚು ಪೊಲೀಸ್ ಬಜೆಟ್‌ನಲ್ಲಿ ಬರುವುದಿಲ್ಲವಲ್ಲ.

ಕಾನೂನು ನಿಧಾನವಾಗಿ ಹಿಂದೆ ಬರುತ್ತಿದೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ನಗರ 2011ರಲ್ಲಿ ಅಪರಾಧ ಊಹಿಸುವ ಸಾಫ್ಟ್‌ವೇರನ್ನು ಮೊದಮೊದಲು ಬಳಸಿದ ಊರುಗಳಲ್ಲಿ ಒಂದು. 2020ರಲ್ಲಿ ಇದನ್ನು ನಿಷೇಧಿಸಿದ ಅಮೆರಿಕದ ಮೊದಲ ಊರೂ ಅದೇ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2023ರ ಫೆಬ್ರವರಿಯಲ್ಲಿ ಹೆಸ್ಸೆ ಮತ್ತು ಹ್ಯಾಂಬರ್ಗ್ ರಾಜ್ಯಗಳ ಪೊಲೀಸ್ ಡೇಟಾ ವಿಶ್ಲೇಷಣೆಯ ಕಾನೂನುಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ಯಾರ ಮಾಹಿತಿಯನ್ನು ಯಾವಾಗ ಕೆದಕಬಹುದು ಎಂಬುದಕ್ಕೆ ಅವುಗಳಲ್ಲಿ ಸಾಕಷ್ಟು ಮಿತಿ ಇರಲಿಲ್ಲ. ಐರೋಪ್ಯ ಒಕ್ಕೂಟದ ಎಐ ಕಾಯ್ದೆಯ ನಿಷೇಧಗಳು 2025ರ ಫೆಬ್ರವರಿ 2ರಿಂದ ಜಾರಿಯಲ್ಲಿವೆ. ಒಬ್ಬ ವ್ಯಕ್ತಿ ಅಪರಾಧ ಮಾಡುತ್ತಾನೆಯೇ ಎಂದು ಅವನ ಸ್ವಭಾವ, ಗುಣಲಕ್ಷಣಗಳ ಚಿತ್ರಣದಿಂದ ಮಾತ್ರ ಅಳೆಯುವುದು ಅದರಡಿ ನಿಷಿದ್ಧ.

ಆ 'ಮಾತ್ರ' ಎಂಬ ಎರಡಕ್ಷರದ ಸಂದಿನಲ್ಲಿ ಒಂದು ಆನೆ ದಾಟಿ ಹೋಗಬಹುದು. ಯಂತ್ರ ಅಂಕ ಕೊಡುತ್ತದೆ, ಅಧಿಕಾರಿಯೊಬ್ಬ ಅದನ್ನು ನೋಡಿ ಹೂಂ ಎನ್ನುತ್ತಾನೆ. ಈಗ ಅದು ಯಂತ್ರದ ತೀರ್ಮಾನ ಮಾತ್ರವೋ, ಅಲ್ಲವೋ? ಪರದೆ ಮೇಲೆ ಕೆಂಪು ಅಂಕ ಕಂಡ ಮೇಲೆ ಇಲ್ಲ ಎಂದು ಬರೆದು, ನಾಳೆ ಏನಾದರೂ ಆದರೆ ಉತ್ತರ ಕೊಡುವ ಧೈರ್ಯ ಎಷ್ಟು ಅಧಿಕಾರಿಗಳಿಗಿದೆ? ಇನ್ನು ಜಾಗದ ಊಹೆಯನ್ನಂತೂ ಆ ನಿಷೇಧ ಮುಟ್ಟುವುದೇ ಇಲ್ಲ.

ಮಾರುಕಟ್ಟೆ ಕಾನೂನಿಗಿಂತ ಚುರುಕು. ಲಾಸ್ ಏಂಜಲೀಸ್ 2020ರಲ್ಲಿ ಪ್ರೆಡ್‌ಪೋಲ್ ಕೈಬಿಟ್ಟಾಗ ಕೊಟ್ಟ ಕಾರಣ ಪಕ್ಷಪಾತವಲ್ಲ, ಕೋವಿಡ್ ಕಾಲದ ಹಣದ ಮುಗ್ಗಟ್ಟು. ಕಂಪನಿ 2021ರಲ್ಲಿ ಜಿಯೊಲಿಟಿಕಾ ಎಂದು ಹೆಸರು ಬದಲಿಸಿಕೊಂಡಿತು. 2023ರ ಕೊನೆಗೆ ಬಾಗಿಲು ಹಾಕಿತು. ಅದರ ಎಂಜಿನಿಯರುಗಳು ಸೌಂಡ್‌ಥಿಂಕಿಂಗ್ ಎಂಬ ಇನ್ನೊಂದು ಪೊಲೀಸ್ ತಂತ್ರಜ್ಞಾನ ಕಂಪನಿಗೆ ಹೋದರು. ಆ ಕಂಪನಿಗೂ ಮೊದಲು ಬೇರೆ ಹೆಸರಿತ್ತು.

2025ರ ಏಪ್ರಿಲ್‌ನಲ್ಲಿ ಸ್ಟೇಟ್‌ವಾಚ್ ಎಂಬ ಸಂಸ್ಥೆ ಬ್ರಿಟನ್ ನ್ಯಾಯ ಇಲಾಖೆಯ ಒಂದು ಯೋಜನೆಯ ಕಾಗದಗಳನ್ನು ಹೊರತಂದಿತು. ಮುಂದೆ ಕೊಲೆ ಮಾಡುವ ಸಾಧ್ಯತೆ ಯಾರಿಗಿದೆ ಎಂದು ಡೇಟಾದಿಂದ ಕಂಡುಹಿಡಿಯಬಹುದೇ ಎಂಬ ಪ್ರಯೋಗ ಅದು. ಸದ್ಯಕ್ಕೆ ಇದು ಸಂಶೋಧನೆ ಅಷ್ಟೇ ಎಂದಿತು ಇಲಾಖೆ. ಮೊದಲು ಅದರ ಹೆಸರು 'ಕೊಲೆ ಊಹಿಸುವ ಯೋಜನೆ' ಎಂದಿತ್ತು. ಈಗಿನ ಹೆಸರು, 'ಅಪಾಯದ ಅಂದಾಜು ಉತ್ತಮಪಡಿಸಲು ಡೇಟಾ ಹಂಚಿಕೆ'.